ಫ. ಗು. ಹಳಕಟ್ಟಿಯವರ ತುಂಬಿದ ಬಾಳು

ಒಬ್ಬ ಮನುಷ್ಯನ ಬಾಳು ಸಾರ್ಥಕವಾಯಿತೇ ಎಂದು ತೂಗಿ ನೋಡುವಾಗ ಲೋಕವು ಸಾಮಾನ್ಯವಾಗಿ ಎರಡು ತಕ್ಕಡಿಗಳನ್ನು ಹಿಡಿಯುತ್ತದೆ. ಆತನು ಸುಖವಾಗಿ ಬಾಳಿದನೇ ಎಂಬುದು ಒಂದು; ಎಷ್ಟು ಕೆಲಸ ಮಾಡಿಟ್ಟು ಹೋದನು ಎಂಬುದು ಮತ್ತೊಂದು. ವಚನಪಿತಾಮಹರೆಂದು ಕನ್ನಡ ನಾಡು ಕೊಂಡಾಡುವ ಡಾ. ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರನ್ನು ಮೊದಲನೆಯ ತಕ್ಕಡಿಯಲ್ಲಿಟ್ಟರೆ ಅದು ಮೇಲಕ್ಕೇಳುತ್ತದೆ. ಎರಡನೆಯದರಲ್ಲಿಟ್ಟರೆ ನೆಲಕ್ಕೆ ತಾಗುತ್ತದೆ. ಅವರ ಜೀವನವನ್ನು ಹೇಳುವವರು ಬಹುಮಟ್ಟಿಗೆ ಈ ಎರಡನೆಯ ತೂಕವನ್ನೇ ನೆಚ್ಚಿ, ಗ್ರಂಥಗಳ ಸಂಖ್ಯೆ, ಸಂಸ್ಥೆಗಳ ಸಂಖ್ಯೆ, ಪತ್ರಿಕೆಯನ್ನು ನಡೆಸಿದ ವರ್ಷಗಳ ಸಂಖ್ಯೆ ಎಂದು ಎಣಿಸುತ್ತ ಹೋಗಿ, ಎಣಿಕೆ ಮುಗಿದಲ್ಲಿ ಚರಿತ್ರೆಯನ್ನೂ ಮುಗಿಸಿಬಿಡುತ್ತಾರೆ. ಎಣಿಕೆಯಲ್ಲಿ ತಪ್ಪಿಲ್ಲ. ಆದರೆ ಆ ಪುರುಷನು ಎಣಿಕೆಯ ಆಚೆಗೆ ನಿಂತೇ ಉಳಿಯುತ್ತಾನೆ.

ಹಳಕಟ್ಟಿಯವರು ಹುಟ್ಟಿದ್ದು 1880ನೆಯ ಇಸವಿ ಜುಲೈ 2ರಂದು, ಧಾರವಾಡದಲ್ಲಿ. ತಂದೆ ಗುರುಬಸಪ್ಪನವರು ಶಿಕ್ಷಕರು, ಕನ್ನಡದಲ್ಲಿ ಲೇಖನಿ ಹಿಡಿದವರು. ತಾಯಿ ದಾನಮ್ಮನವರು ಮಗು ಇನ್ನೂ ಎಳೆಯದಿರುವಾಗಲೇ ತೀರಿಕೊಂಡರು. ಅಜ್ಜಿಯ ಮಡಿಲಲ್ಲಿ ಬೆಳವಣಿಗೆ. ಆ ಕಾಲದ ಧಾರವಾಡವು ಮುಂಬಯಿ ಇಲಾಖೆಗೆ ಸೇರಿದ್ದು, ಮರಾಠಿಯ ದರ್ಪ ಎಲ್ಲೆಡೆ ಹರಡಿತ್ತು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಅಲ್ಲಿ ತಲೆಯೆತ್ತಿದಾಗ ಹಳಕಟ್ಟಿಯವರು ಹತ್ತು ವರ್ಷದ ಹುಡುಗ. ಮುಂದೆ ಉಚ್ಚ ವಿದ್ಯಾಭ್ಯಾಸಕ್ಕಾಗಿ ಮುಂಬಯಿಗೆ ಹೋದಾಗ ಆಲೂರ ವೆಂಕಟರಾಯರ ಸ್ನೇಹ ಒದಗಿತು. ಇಲ್ಲೊಂದು ಸ್ವಾರಸ್ಯವುಂಟು. ಆಲೂರರು ಹುಟ್ಟಿದ್ದೂ ಅದೇ ವರ್ಷ, ಅದೇ ಜುಲೈ ತಿಂಗಳು, 12ನೆಯ ತಾರೀಖು. ಹುಟ್ಟಿದ ಊರು ವಿಜಾಪುರ. ವಿಜಾಪುರದಲ್ಲಿ ಹುಟ್ಟಿದವರು ಧಾರವಾಡದಲ್ಲಿ ನೆಲೆಸಿ ಕರ್ನಾಟಕದ ಏಕೀಕರಣಕ್ಕೆ ದುಡಿದರು. ಧಾರವಾಡದಲ್ಲಿ ಹುಟ್ಟಿದವರು ವಿಜಾಪುರದಲ್ಲಿ ನೆಲೆಸಿ ಶರಣರ ವಾಙ್ಮಯಕ್ಕೆ ದುಡಿದರು. ಒಂದೇ ತಿಂಗಳಿನ ಎರಡು ಮಕ್ಕಳನ್ನು ನಾಡು ಊರು ಬದಲಿಸಿ ಬೆಳೆಸಿಕೊಂಡಂತಾಯಿತು.

1904ರಲ್ಲಿ ಕಾನೂನು ಪದವಿಯನ್ನು ಪಡೆದು, ಕೆಲಕಾಲ ಬೆಳಗಾವಿಯಲ್ಲಿದ್ದು, ಹಳಕಟ್ಟಿಯವರು ವಿಜಾಪುರದಲ್ಲಿ ವಕೀಲಿಯನ್ನು ಹೂಡಿದರು. ಬುದ್ಧಿ ಚುರುಕು, ನಡತೆ ಶುದ್ಧ, ಕಕ್ಷಿಗಾರರಿಗೆ ಕೊರತೆಯಿರಲಿಲ್ಲ. ಸರಕಾರಿ ವಕೀಲರೂ ಆದರು. ಬರಗಾಲದ ಸೀಮೆಯಾದ ವಿಜಾಪುರಕ್ಕೆ ಆಗ ಬೇಕಾದದ್ದು ಒಂದೆರಡಲ್ಲ. ವಿದ್ಯೆ ಬೇಕು, ಸಾಲ ಕೊಡುವ ನ್ಯಾಯವಾದ ಸಂಸ್ಥೆ ಬೇಕು, ಕುಡಿಯಲು ನೀರು ಬೇಕು. 1910ರಲ್ಲಿ ಬಿಜಾಪುರ ಲಿಂಗಾಯತ ಜಿಲ್ಲಾ ವಿದ್ಯಾವರ್ಧಕ ಸಂಸ್ಥೆಯು ಹುಟ್ಟಿತು. 1912ರಲ್ಲಿ ಸಿದ್ಧೇಶ್ವರ ಬ್ಯಾಂಕು. ನಗರಸಭೆಯಲ್ಲಿದ್ದುಕೊಂಡು ಭೂತನಾಳ ಕೆರೆಯ ನೀರು ಊರಿಗೆ ಬರುವಂತೆ ಮಾಡುವ ಕೆಲಸದಲ್ಲಿ ಶ್ರಮಿಸಿದರು. 1920ರಲ್ಲಿ ಮುಂಬಯಿ ವಿಧಾನ ಪರಿಷತ್ತಿನ ಸದಸ್ಯತ್ವವೂ ಬಂದಿತು. ನಲವತ್ತು ವರ್ಷ ತುಂಬುವಷ್ಟರಲ್ಲಿ ಒಬ್ಬ ಗೃಹಸ್ಥನಿಗೆ ಲೋಕವು ಕೊಡಬಹುದಾದ ಮನ್ನಣೆಯೆಲ್ಲವೂ ಮನೆಯ ಬಾಗಿಲಿಗೆ ಬಂದು ನಿಂತಿತ್ತು. ಬೇರೊಬ್ಬರ ಚರಿತ್ರೆಯಾಗಿದ್ದರೆ ಇಲ್ಲಿಂದ ಮುಂದಕ್ಕೆ ಪದವಿಗಳ ಪಟ್ಟಿ ಬೆಳೆಯಬೇಕಾಗಿತ್ತು. ಹಳಕಟ್ಟಿಯವರ ಚರಿತ್ರೆಯು ಇಲ್ಲಿಯೇ ಬೇರೊಂದು ದಾರಿಗೆ ತಿರುಗುತ್ತದೆ.

ತಿರುವಿನ ಬೀಜ ಬಿದ್ದದ್ದು ಬಹಳ ಹಿಂದೆಯೇ. ತರುಣ ವಯಸ್ಸಿನಲ್ಲಿ ರಬಕವಿಯ ಕಡೆ ಹೋಗಿದ್ದಾಗ, ಅಲ್ಲಿಯ ಒಂದು ಮನೆತನದಲ್ಲಿ ಕಾಪಾಡಿಕೊಂಡು ಬಂದಿದ್ದ ವಚನದ ತಾಡವೋಲೆಗಳು ಅವರ ಕಣ್ಣಿಗೆ ಬಿದ್ದವು. ಆ ಕಾಲದಲ್ಲಿ ಲಿಂಗಾಯತ ಮನೆಗಳಲ್ಲಿ ಓಲೆಕಟ್ಟುಗಳು ಇಲ್ಲದಿರಲಿಲ್ಲ. ಆದರೆ ಅವು ಇದ್ದದ್ದು ಜಗುಲಿಯ ಮೇಲೆ. ವಿಭೂತಿ ಹಚ್ಚಿ, ಪತ್ರೆಯೇರಿಸಿ, ಧೂಪ ತೋರಿಸಿ ಕೈಮುಗಿಯುವುದೇ ಅವುಗಳಿಗೆ ಸಲ್ಲುತ್ತಿದ್ದ ಗೌರವ. ಬಿಚ್ಚಿ ಓದುವವರು ವಿರಳ. ಪೂಜ್ಯವಸ್ತುವನ್ನು ಪರರ ಕೈಗೆ ಕೊಡಲು ಮನೆಯವರಿಗೆ ಅಳುಕು. ಹೀಗೆ ಭಕ್ತಿಯೇ ಗ್ರಂಥಕ್ಕೆ ಕೋಟೆಯಾಗಿತ್ತು, ಕೆಲವೆಡೆ ಸೆರೆಮನೆಯೂ ಆಗಿತ್ತು. ಶತಮಾನಗಳ ಹಿಂದೆ ಕಂಠದಿಂದ ಕೊರೆದ ಅಕ್ಷರಗಳ ನಡುವೆ ಹುಳುವು ತನ್ನ ದಾರಿಯನ್ನು ಕೊರೆದುಕೊಂಡು ಹೋಗುತ್ತಿದ್ದರೂ ಮೇಲೆ ಪತ್ರೆ ಏರುತ್ತಲೇ ಇತ್ತು.

ಓಲೆಯನ್ನು ಓದುವುದು ಅಚ್ಚಿನ ಪುಸ್ತಕವನ್ನು ಓದಿದಂತಲ್ಲ. ಪದಕ್ಕೂ ಪದಕ್ಕೂ ನಡುವೆ ತೆರಪಿಲ್ಲ. ಎತ್ವ ಏತ್ವಗಳಿಗೂ ಒತ್ವ ಓತ್ವಗಳಿಗೂ ಹಳೆಯ ಲಿಪಿಕಾರರು ಭೇದವೆಣಿಸಿಲ್ಲ. ಗೀಚಿದ ಗೆರೆಗಳಲ್ಲಿ ಮಸಿ ತುಂಬಿ ಒರೆಸಿದಲ್ಲದೆ ಅಕ್ಷರ ಮೂಡುವುದಿಲ್ಲ. ಗರಿ ಒಣಗಿದ್ದರೆ ಮುಟ್ಟಿದಲ್ಲಿ ಮುರಿಯುತ್ತದೆ. ವಚನದ ಕೊನೆಗೆ ಬರುವ ಅಂಕಿತದಿಂದಲೇ ಅದು ಯಾರ ಮಾತೆಂದು ತಿಳಿಯಬೇಕು, ಲಿಪಿಕಾರನು ಅಂಕಿತವನ್ನೇ ಕಲಸಿಬಿಟ್ಟಿದ್ದರೆ ಆ ದಾರಿಯೂ ಮುಚ್ಚಿತು. ಗುರುಮುಖದಿಂದ ಹಳಗನ್ನಡ ಕಲಿತ ವಿದ್ವಾಂಸರಿಗೇ ಕಷ್ಟವಾದ ಈ ವಿದ್ಯೆಯನ್ನು, ಕೋರ್ಟಿನ ಕಾಗದಪತ್ರಗಳಲ್ಲಿ ಪಳಗಿದ ಕಣ್ಣುಗಳಿಗೆ ಹಳಕಟ್ಟಿಯವರು ತಾವೇ ಕಲಿಸಿಕೊಂಡರು. ಊರೂರು ಅಲೆದು, ಮಠಗಳಲ್ಲಿ ಬಿನ್ನವಿಸಿ, ಮನೆಮನೆಯಲ್ಲಿ ಕೈಮುಗಿದು ಕಟ್ಟುಗಳನ್ನು ಕೂಡಿಹಾಕಿದರು. ಅದುವರೆಗೆ ಐವತ್ತರಷ್ಟು ವಚನಕಾರರ ಹೆಸರು ಮಾತ್ರ ತಿಳಿದಿದ್ದ ಕನ್ನಡಿಗರಿಗೆ, ಅವರ ಶೋಧದಿಂದ ಇನ್ನೂರಕ್ಕೂ ಮಿಕ್ಕಿದ ವಚನಕಾರರು ಪರಿಚಿತರಾದರು. ಅಂಬಿಗರು, ಮಡಿವಾಳರು, ಹಗ್ಗ ಹೊಸೆಯುವವರು, ಅಕ್ಕಿ ಆಯುವವರು, ಹೆಸರೂ ಕೇಳದಿದ್ದ ಶರಣೆಯರು ಸಾಲುಗಟ್ಟಿ ನಾಡಿನ ಮುಂದೆ ಬಂದು ನಿಂತರು.

ಕೂಡಿಹಾಕಿದ್ದನ್ನು ಅಚ್ಚುಹಾಕಿಸುವುದು ಇನ್ನೊಂದು ತಪಸ್ಸು. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಹೋದ ಹಸ್ತಪ್ರತಿ ಅಚ್ಚಾಗದೆ ಹಿಂದಿರುಗಿತು. ಕಡೆಗೆ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವು ಹೊರಬಂದಿತು. ಅದೇ ವರ್ಷ ಒಂಬತ್ತನೆಯ ಕನ್ನಡ ಸಾಹಿತ್ಯ ಸಮ್ಮೇಳನವು ಸಿದ್ಧಾಂತಿ ಶಿವಶಂಕರ ಶಾಸ್ತ್ರಿಗಳ ಅಧ್ಯಕ್ಷತೆಯಲ್ಲಿ ವಿಜಾಪುರದಲ್ಲಿಯೇ ನೆರೆದದ್ದು ಯೋಗಾಯೋಗ. ಮೂರು ವರ್ಷಗಳ ತರುವಾಯ, 1926ರಲ್ಲಿ, ಬಳ್ಳಾರಿಯ ಸಮ್ಮೇಳನಕ್ಕೆ ಹಳಕಟ್ಟಿಯವರನ್ನೇ ಅಧ್ಯಕ್ಷರನ್ನಾಗಿ ನಾಡು ಆರಿಸಿತು.

ವಚನಶಾಸ್ತ್ರಸಾರವನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಒಂದು ಸಂಗತಿ ಹೊಳೆಯದಿರದು. ಅಲ್ಲಿ ವಚನಗಳನ್ನು ಕವಿಗೊಂದರಂತೆ ಕಟ್ಟು ಕಟ್ಟಿ ಇಟ್ಟಿಲ್ಲ, ವಿಷಯವಾರಾಗಿ ಜೋಡಿಸಿದೆ. ಒಂದು ಪ್ರಶ್ನೆಯನ್ನು ಎತ್ತಿಕೊಂಡರೆ ಅದಕ್ಕೆ ಬಸವಣ್ಣನವರೇನೆಂದರು, ಅಲ್ಲಮಪ್ರಭುಗಳೇನೆಂದರು, ಚೆನ್ನಬಸವಣ್ಣನವರೇನೆಂದರು ಎಂದು ಒಬ್ಬರಾದ ಮೇಲೊಬ್ಬರು ಸಾಕ್ಷಿ ನುಡಿಯುವಂತೆ ಏರ್ಪಾಡು. ಸಾಕ್ಷಿಗಳನ್ನು ವಿಚಾರಿಸುವ ವಕೀಲನ ಪದ್ಧತಿ ಇದು ಎಂದು ಹೇಳಿದರೆ ತಪ್ಪಾಗಲಾರದು. ಆದರೆ ಇಲ್ಲಿಯ ಕಕ್ಷಿಗಾರನು ಯಾರು? ಬಾಳುವುದು ಹೇಗೆ ಎಂದು ಕೇಳುತ್ತಿರುವ ಓದುಗನು. ಮೊಟ್ಟಮೊದಲಿಗೆ ಆ ಓದುಗನು ಹಳಕಟ್ಟಿಯವರೇ. ಪಂಡಿತನು ಗ್ರಂಥವನ್ನು ಶೋಧಿಸುತ್ತಾನೆ. ಇಲ್ಲಿ ಗ್ರಂಥವು ಪಂಡಿತನನ್ನು ಶೋಧಿಸಲು ತೊಡಗಿತ್ತು.

ಇದರ ಪರಿಣಾಮ ಬೇಗನೆ ಮನೆಯ ಮೇಲೆ ಬಿದ್ದಿತು. 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಲು ಅವರು ಇದ್ದ ಮನೆಯನ್ನು ಮಾರಿದರು. ಆಮೇಲೆ ಬಾಡಿಗೆಯ ಮನೆಯಲ್ಲಿ ವಾಸ. 1926ರಲ್ಲಿ ಶಿವಾನುಭವ ಪತ್ರಿಕೆ, 1927ರಲ್ಲಿ ನವಕರ್ನಾಟಕ ವಾರಪತ್ರಿಕೆ. ವಕೀಲಿಯು ಕ್ರಮೇಣ ಹಿಂದೆ ಸರಿದು, ಸರಕಾರಿ ಹುದ್ದೆಯೂ ಬಿಟ್ಟುಹೋಯಿತು. ಮೊಳೆ ಜೋಡಿಸುವುದು, ಕರಡು ತಿದ್ದುವುದು, ಅಂಚೆಗೆ ಹಾಕುವುದು, ಚಂದಾದಾರರಿಗೆ ಮತ್ತೆ ಮತ್ತೆ ಪತ್ರ ಬರೆಯುವುದು, ಇದೇ ದಿನಚರಿಯಾಯಿತು. ಹಳೆಯ ಕೋಟು ತೊಟ್ಟು, ಸೈಕಲ್ಲಿನ ಮೇಲೆ ವಿಜಾಪುರದ ಬೀದಿಗಳಲ್ಲಿ ಹೋಗುತ್ತಿದ್ದ ಅವರ ಚಿತ್ರವನ್ನು ಆ ಊರಿನ ಹಿರಿಯರು ಬಹುಕಾಲ ನೆನೆಯುತ್ತಿದ್ದರು. ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು ಆ ಊರಿಗೆ ಬಂದಾಗ, ಗೋಳಗುಮ್ಮಟವನ್ನು ತೋರಿಸಲು ಸಿದ್ಧರಾಗಿ ನಿಂತವರನ್ನು ತಡೆದು, ಮೊದಲು ಹಳಕಟ್ಟಿಯವರ ಮನೆಗೆ ಕರೆದೊಯ್ಯುವಂತೆ ಕೇಳಿಕೊಂಡರೆಂಬ ಪ್ರತೀತಿ ಈ ಭಾಗದಲ್ಲಿ ಇಂದಿಗೂ ಬಾಯಿಂದ ಬಾಯಿಗೆ ನಡೆದುಬಂದಿದೆ.

ಬಡತನವನ್ನು ವರ್ಣಿಸುವುದರಲ್ಲಿ ಚರಿತ್ರೆಕಾರರಿಗೆ ಒಂದು ಬಗೆಯ ಉತ್ಸಾಹವುಂಟು. ಆ ಉತ್ಸಾಹಕ್ಕೆ ಕಡಿವಾಣ ಬೇಕು. ಬಡತನವು ತಾನಾಗಿ ಗುಣವಲ್ಲ. ಮಾರಿದ ಮನೆಯು ಗಂಡಸಿನದೊಂದೇ ಅಲ್ಲ. ಚಿಕ್ಕೋಡಿ ಮನೆತನದಿಂದ ಬಂದು ವಕೀಲರ ಹೆಂಡತಿಯಾಗಿದ್ದ ಭಾಗೀರಥಿಬಾಯಿಯವರು ಮುದ್ರಕನ ಹೆಂಡತಿಯಾಗಿ ಬಾಡಿಗೆ ಮನೆಯಲ್ಲಿ ಸಂಸಾರ ತೂಗಿದರು. ಪತಿಯ ತ್ಯಾಗಕ್ಕೆ ನಾಡು ಬಿರುದು ಕೊಟ್ಟಿತು. ಪತ್ನಿಯ ಪಾಲಿಗೆ ಬಂದದ್ದು ತ್ಯಾಗ ಮಾತ್ರ. ಮಕ್ಕಳು ಬಯಸಬಹುದಾಗಿದ್ದ ಅನುಕೂಲಗಳು ಮೊಳೆ, ಮಸಿ, ಕಾಗದಗಳಾಗಿ ಕರಗಿಹೋದವು. ಆ ಮನೆಯವರ ನೋವನ್ನು ಮುಚ್ಚಿ ಹಳಕಟ್ಟಿಯವರ ಬಾಳನ್ನು ಸುಖಮಯವೆಂದು ಚಿತ್ರಿಸಿದರೆ ಅದು ಸುಳ್ಳಾಗುತ್ತದೆ. ಸುಖವೆಂಬ ಮಾತನ್ನು ಬದಿಗಿಟ್ಟು ನೋಡಿದಾಗಲೇ ಅವರ ಬಾಳಿನ ತುಂಬುತನ ಕಾಣುವುದು. ಉಪನಿಷತ್ತಿನ ಋಷಿಗಳು ಪ್ರೇಯಸ್ಸು ಬೇರೆ, ಶ್ರೇಯಸ್ಸು ಬೇರೆ ಎಂದು ಬೇರ್ಪಡಿಸಿದ್ದು ಪಾಠಶಾಲೆಯಲ್ಲಿ ಎಲ್ಲರೂ ಕಲಿಯುವ ವಿಷಯ. ಮನೆಯ ಕ್ರಯಪತ್ರಕ್ಕೆ ರುಜು ಹಾಕುವಾಗ ಅದನ್ನು ನೆನಪಿಟ್ಟುಕೊಳ್ಳುವವರು ಎಷ್ಟು ಮಂದಿ?

ಇನ್ನು ದುಡಿಮೆಯ ಮಾತು. ಕಾಯಕವೆಂಬ ಶಬ್ದವನ್ನು ಈಚೆಗೆ ಹೆಚ್ಚು ಹೆಚ್ಚು ಉತ್ಪತ್ತಿ ಮಾಡುವುದು ಎಂಬ ಅರ್ಥದಲ್ಲಿ ಬಳಸುವ ರೂಢಿ ಬೆಳೆದಿದೆ. ಹಳಕಟ್ಟಿಯವರು ಬೆಳಕಿಗೆ ತಂದ ಶರಣರ ಚರಿತ್ರೆಗಳನ್ನು ನೋಡಿದರೆ ಅದು ಅಷ್ಟಕ್ಕೆ ನಿಲ್ಲುವ ಅರ್ಥವಲ್ಲ. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ, ಹೆಂಡತಿ ಲಕ್ಕಮ್ಮನು ಸಂತೋಷಪಡಲಿಲ್ಲ. ಮಿಕ್ಕದ್ದನ್ನು ತಂದಲ್ಲಿಗೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿದಳು.

ಇದಕ್ಕಿಂತಲೂ ಆಳವಾದ ಪ್ರಸಂಗವು ಶೂನ್ಯಸಂಪಾದನೆಯಲ್ಲಿದೆ. ಗೂಳೂರು ಸಿದ್ಧವೀರಣಾರ್ಯರ ಆ ಗ್ರಂಥವನ್ನು ಹಳಕಟ್ಟಿಯವರು 1930ರಲ್ಲಿ ಪ್ರಕಟಿಸಿದರು. ಸೊನ್ನಲಿಗೆಯ ಸಿದ್ಧರಾಮನು ಮಹಾಕರ್ಮಯೋಗಿ. ಕೆರೆ ತೋಡಿಸಿದನು, ಗುಡಿಗಳನ್ನು ಕಟ್ಟಿಸಿದನು, ಸಾವಿರಾರು ಮಂದಿ ಒಡ್ಡರು ಅವನ ಮಾತಿಗೆ ಮಣ್ಣು ಹೊರುತ್ತಿದ್ದರು. ಅಲ್ಲಿಗೆ ಬಂದ ಅಲ್ಲಮಪ್ರಭುವು ಆ ಮಹಾಕಾರ್ಯವನ್ನು ನೋಡಿ ಬೆರಗಾಗಲಿಲ್ಲ. ಕೆರೆ ತೋಡುವವನು ತನ್ನೊಳಗನ್ನು ತೋಡಿ ನೋಡಿಕೊಂಡನೇ ಎಂಬ ಅರ್ಥದ ಕಟುವಾದ ಪ್ರಶ್ನೆಗಳನ್ನು ಎತ್ತಿದನು. ಜನ ಸಿಟ್ಟಿಗೆದ್ದರು, ಕಲ್ಲು ಬೀರಿದರು. ಸಿದ್ಧರಾಮನೂ ಮೊದಲು ಕೆರಳಿ, ಕೊನೆಗೆ ತಿಳಿದು, ಪ್ರಭುವಿನೊಡನೆ ಕಲ್ಯಾಣಕ್ಕೆ ನಡೆದನು. ಕೆರೆ ಕಟ್ಟಿದ್ದು ತಪ್ಪೆಂದು ಪ್ರಭುವಿನ ಅಭಿಪ್ರಾಯವಲ್ಲ. ಕಟ್ಟಿದೆನೆಂಬ ಎಣಿಕೆಯಲ್ಲಿ ಕಟ್ಟಿದವನು ಕಳೆದುಹೋದನೇ ಎಂಬುದು ಅಲ್ಲಿಯ ಪ್ರಶ್ನೆ.

ಈ ಕಥೆಯ ಕರಡನ್ನು ತಿದ್ದುತ್ತ ಕುಳಿತವರು ಯಾರೆಂಬುದನ್ನು ಗಮನಿಸಬೇಕು. ಊರಿಗೆ ಕೆರೆಯ ನೀರು ತರಲು ದುಡಿದವರು. ಅದೇ ಸಿದ್ಧರಾಮನ ಹೆಸರಿನಲ್ಲಿ ಬ್ಯಾಂಕು ಕಟ್ಟಿದವರು. ಸಂಕ್ರಾಂತಿಗೆ ಸಿದ್ಧೇಶ್ವರನ ಜಾತ್ರೆ ನಡೆಯುವ ಊರಿನ ಪೌರಮುಖ್ಯರು. ಆ ಪುಟಗಳ ಮುಂದೆ ಅವರ ಮನಸ್ಸಿನಲ್ಲಿ ಏನು ನಡೆಯಿತೆಂದು ಕಲ್ಪಿಸಿ ಬರೆಯುವುದು ಸಲ್ಲದು. ಅವರ ನಡೆಯನ್ನು ಮಾತ್ರ ಎಲ್ಲರೂ ಕಾಣಬಹುದು. ತಾವು ನೆಟ್ಟ ಸಂಸ್ಥೆಗಳನ್ನು ಅವರು ಹೀಗಳೆಯಲಿಲ್ಲ, ಬೆಳೆಯಲು ಬಿಟ್ಟುಕೊಟ್ಟರು. ಅವುಗಳ ಗದ್ದುಗೆಗೆ ಅಂಟಿ ಕೂರಲೂ ಇಲ್ಲ. ತಮಗಾಗಿ ಉಳಿಸಿಕೊಂಡದ್ದು ಓಲೆಯ ಮುಂದಿನ ಮಣೆಯೊಂದನ್ನು. ಪತ್ರಿಕೆಗೆ ಅವರು ಆರಿಸಿದ ಹೆಸರನ್ನು ನೋಡಿದರೂ ಸಾಕು. ಶೋಧನೆ, ಪ್ರಗತಿ, ಉನ್ನತಿ ಮುಂತಾದ ಹೆಸರುಗಳು ಆ ಕಾಲಕ್ಕೆ ಹೇರಳವಾಗಿದ್ದವು; ಅವರು ಇಟ್ಟದ್ದು ಶಿವಾನುಭವ. ಅನುಭವವೆಂಬುದು ಮಾಡಿ ಮುಗಿಸುವ ಕೆಲಸವಲ್ಲ. ಮೂರು ದಶಕಗಳಿಗೂ ಮೀರಿ ಅದು ಹೊರಬಂದದ್ದು ಆದಾಯದ ಬಲದಿಂದಲ್ಲ. ಚಂದಾದಾರರು ಕೆಲವೇ ಮಂದಿ. ಬರೆಯುವವರು ಬಹುಭಾಗ ಸಂಪಾದಕರೊಬ್ಬರೇ. ಶರಣರ ಚರಿತ್ರೆ, ಷಟ್‌ಸ್ಥಲದ ವಿವೇಚನೆ, ಹರಿಹರನ ರಗಳೆಗಳು, ಹೊಸದಾಗಿ ಸಿಕ್ಕ ವಚನಕಾರರು, ಹೀಗೆ ಒಬ್ಬನೇ ಮನುಷ್ಯನ ಓದು ತಿಂಗಳು ತಿಂಗಳೂ ಬಹಿರಂಗವಾಗುತ್ತಿತ್ತು.

ಅವರ ಸಂಪಾದನೆಯಲ್ಲಿ ದೋಷಗಳಿಲ್ಲವೆನ್ನುವಂತಿಲ್ಲ. ಯಾವ ಪಾಠವು ಯಾವ ಪ್ರತಿಯದೆಂದು ಅವರು ಎಲ್ಲೆಡೆಯೂ ಗುರುತಿಸಲಿಲ್ಲ. ಪಾಠಾಂತರಗಳನ್ನು ಅಡಿಯಲ್ಲಿ ಕೊಡುವ ಶಿಸ್ತು ಬಹುಕಡೆ ಇಲ್ಲ. ಪ್ರತಿಗಳ ವರ್ಣನೆ ಸಾಲದು. ಶಿ. ಶಿ. ಬಸವನಾಳರು, ಆರ್. ಸಿ. ಹಿರೇಮಠರು, ಎಲ್. ಬಸವರಾಜು ಅವರು ಮುಂದೆ ಗ್ರಂಥಸಂಪಾದನ ಶಾಸ್ತ್ರದ ಬಿಗಿಯಾದ ಕಟ್ಟಿನಲ್ಲಿ ಈ ಕೊರತೆಗಳನ್ನು ತುಂಬಿದರು. ವಿದ್ಯಾರ್ಥಿಗಳಿಗೆ ಇದನ್ನು ಹೇಳದೆ ಬರಿಯ ಸ್ತುತಿಯನ್ನೇ ಕಲಿಸುವುದು ವಿದ್ಯೆಗೂ ಹಳಕಟ್ಟಿಯವರಿಗೂ ಅಪಚಾರ. ಆದರೆ ಹುಳುವಿನ ಬಾಯಿಂದ ಬಿಡಿಸಿಕೊಳ್ಳಬೇಕಾದ ಗರಿಯ ಮುಂದೆ ಕುಳಿತವನಿಗೆ ಶಾಸ್ತ್ರದ ಎಲ್ಲ ಕಟ್ಟಳೆಗಳಿಗೂ ಪುರಸೊತ್ತು ಇರಲಿಲ್ಲವೆಂಬುದನ್ನೂ ಜೊತೆಗೆ ಹೇಳಬೇಕು. ಕರ್ನಾಟಕ ಸರಕಾರವು 1993ರಲ್ಲಿ ಸಮಗ್ರ ವಚನ ಸಂಪುಟಗಳನ್ನು ಹದಿನೈದು ಹೊತ್ತಗೆಗಳಾಗಿ ಹೊರತಂದಾಗ, ಆ ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳ ರಾಶಿಯ ತಳದಲ್ಲಿ ವಿಜಾಪುರದ ಬಾಡಿಗೆ ಮನೆಯ ಈ ಅವಸರದ ಪ್ರತಿಗಳೇ ಇದ್ದವು. ಹಳಕಟ್ಟಿಯವರ ಸ್ವಂತ ಬರಹಗಳೂ ಅವರೇ ಕಟ್ಟಿದ ವಿದ್ಯಾಸಂಸ್ಥೆಯ ಆಶ್ರಯದಲ್ಲಿ ಈಗ ಸಂಪುಟಗಳಾಗಿ ದೊರೆಯುತ್ತವೆ. ಜುಲೈ 2ನ್ನು ಸರಕಾರವು ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ಆಚರಿಸುತ್ತಿದೆ.

ಬದುಕಿದ್ದಾಗ ಬಂದ ಮನ್ನಣೆಯೂ ಅಲ್ಪವಲ್ಲ. ಸರಕಾರದಿಂದ ರಾವಬಹಾದ್ದೂರ ಪದವಿ ದೊರೆತಿತ್ತು. ಕರ್ನಾಟಕವು ಏಕೀಕರಣಗೊಂಡ 1956ರಲ್ಲಿಯೇ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟನ್ನಿತ್ತಿತು. ಆಗ ವಯಸ್ಸು ಎಪ್ಪತ್ತಾರು. ಪದವಿಯಿಂದ ಬಾಡಿಗೆಯ ಮನೆ ಸ್ವಂತದ್ದಾಗಲಿಲ್ಲ, ದಿನಚರಿಯೂ ಬದಲಾಗಲಿಲ್ಲ. ಕಣ್ಣು ಮಂಜಾಗುವ ವಯಸ್ಸಿನಲ್ಲಿಯೂ ಕರಡುಗಳು ಬರುತ್ತಿದ್ದವು, ತಿದ್ದಿಹೋಗುತ್ತಿದ್ದವು.

1964ರ ಫೆಬ್ರುವರಿ 25ರಂದು ಆಲೂರ ವೆಂಕಟರಾಯರು ತೀರಿಕೊಂಡರು. ಮುಂಬಯಿಯಲ್ಲಿ ಒಟ್ಟಿಗೆ ಕನಸು ಕಂಡ ಗೆಳೆಯರಲ್ಲಿ ಒಬ್ಬರು ತಮ್ಮ ನಾಡು ಒಂದಾದದ್ದನ್ನು ಕಂಡು ಹೋದರು. ನಾಲ್ಕು ತಿಂಗಳು ಕಳೆದು, ಜೂನ್ 29ರಂದು, ಹಳಕಟ್ಟಿಯವರು ವಿಜಾಪುರದಲ್ಲಿ ಲಿಂಗೈಕ್ಯರಾದರು. ಎಂಬತ್ತನಾಲ್ಕು ವರ್ಷ ತುಂಬಲು ಇನ್ನು ಮೂರೇ ದಿನಗಳಿದ್ದವು.